ಸಗಾಯಮ್ಮನ ಪಾಲಿನ ಜಪ

ಪೂಜ್ಯ ಸವರಿನಾಥ ಸ್ವಾಮಿಗಳು ಮುತ್ತುಗದದೊಡ್ಡಿಯ ಪುಟ್ಟ ದೇವಾಲಯಕ್ಕೆ ಗುರುಗಳಾಗಿ ಬಂದಾಗ ಅವರಿಗೆ ವಾಸಕ್ಕೆ ಸಿಕ್ಕಿದ್ದು ಹಿಂಬದಿಯ ಒಂದೇ ಒಂದು ಕೋಣೆ. ತಗಡಿನ ಸೂರು, ಹಗ್ಗದ ಮಂಚ, ಸೀಮೆಎಣ್ಣೆ ಸ್ಟವ್, ಇಷ್ಟೇ ಸಂಸಾರ. ಬಿಸಿಲು ಏರಿದರೆ ಆ ತಗಡಿನ ಕೆಳಗೆ ಮನುಷ್ಯರು ಕೂರುವುದು ಸಾಧ್ಯವಿರಲಿಲ್ಲ. ಸ್ವಾಮಿಗಳು ಹೊರಗಿನ ಹೊಂಗೆಮರದ ನೆರಳಿಗೆ ಚಾಪೆ ಹಾಸಿಕೊಂಡು ಊರವರ ಹರಿದ ಜಪಸರಗಳನ್ನು ಪೋಣಿಸುತ್ತಾ ಕೂರುತ್ತಿದ್ದರು. ಹರಿದ ಜಪಸರವನ್ನು ಎಸೆಯಲು ನಮ್ಮವರಿಗೆ ಮನಸ್ಸು ಬಾರದು, ಸರಿಮಾಡಿಕೊಳ್ಳಲು ಪುರುಸೊತ್ತೂ ಇರದು. ತಂದು ಸ್ವಾಮಿಗಳ ಕಿಟಕಿಯಲ್ಲಿಟ್ಟು ಹೋಗುತ್ತಿದ್ದರು. ಕಳೆದುಹೋದ ಮಣಿಯ ಜಾಗಕ್ಕೆ ಸ್ವಾಮಿಗಳು ಅಂಟುವಾಳದ ಬೀಜ ಕೊರೆದು ಸೇರಿಸುತ್ತಿದ್ದರು.

ಅವರು ಮಾಡಿದ ಪವಾಡಗಳನ್ನು ಹೇಳುವವರು ನಮ್ಮೂರಿನಲ್ಲಿ ಬಹಳ ಮಂದಿ ಇದ್ದಾರೆ. ಬತ್ತಿದ ಬಾವಿಯಲ್ಲಿ ನೀರು ಬರಿಸಿದರಂತೆ. ಆ ಮಾತು ಎತ್ತಿದರೆ ಸ್ವಾಮಿಗಳು, "ಹಿಂದಿನ ದಿನ ಮಳೆ ಬಂದಿತ್ತು ಕಣ್ರಪ್ಪ, ಅದನ್ನ ಯಾಕೆ ಮರೀತೀರಿ?" ಎಂದು ನಕ್ಕುಬಿಡುತ್ತಿದ್ದರು. ಆದ್ದರಿಂದ ಬಾವಿಯ ಕಥೆಯನ್ನು ಬೇರೆಯವರು ಹೇಳಲಿ. ಇನ್ನಾಸಪ್ಪನ ಮನೆಯಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡವನು, ಅದನ್ನು ಹೇಳುತ್ತೇನೆ.

ಇನ್ನಾಸಪ್ಪ ಬಿದಿರಿನ ಕೆಲಸದವನು. ಸುತ್ತಲ ಊರುಗಳಲ್ಲಿ ರೇಷ್ಮೆ ಹುಳು ಸಾಕುವವರಿಗೆ ಬೇಕಾದ ತಟ್ಟೆಗಳನ್ನೂ, ಹಣ್ಣಾದ ಹುಳು ಗೂಡು ಕಟ್ಟುವ ಚಂದ್ರಂಕಿಗಳನ್ನೂ ಹೆಣೆಯುತ್ತಿದ್ದ. ಮಕ್ಕಳಿರಲಿಲ್ಲ. ಹೆಂಡತಿ ಸಗಾಯಮ್ಮ ಬಿದಿರು ಸೀಳಿ ಕೊಡುವಳು, ಇವನು ಹೆಣೆಯುವನು. ಸಂಜೆಯಾದರೆ ದೀಪ ಹಚ್ಚಿ ಇಬ್ಬರೂ ಜಪಸರ ಹಿಡಿದು ಕೂರುವರು. ಮದುವೆಯಾದ ಸಂಜೆಯಿಂದ ಆ ಪದ್ಧತಿ ಒಂದು ದಿನವೂ ತಪ್ಪಿರಲಿಲ್ಲ ಎಂದು ಅಕ್ಕಪಕ್ಕದವರು ಹೇಳುತ್ತಿದ್ದರು.

ನಮೋ ಮರಿಯಾ ಜಪವನ್ನು ಮನೆಗಳಲ್ಲಿ ಇಬ್ಭಾಗ ಮಾಡಿ ಹೇಳುವುದು ವಾಡಿಕೆ. ಜಪ ನಡೆಸುವವರು 'ನಮೋ ಮರಿಯಾ... ಕರ್ತರು ನಿಮ್ಮೊಡನೆ ಇದ್ದಾರೆ' ಎನ್ನುವ ಮೊದಲರ್ಧ ಹೇಳಿ ನಿಲ್ಲಿಸುತ್ತಾರೆ. 'ಸಂತ ಮರಿಯಾ, ದೇವಮಾತೆಯೇ' ಎಂದು ಉಳಿದವರು ಎರಡನೆಯ ಅರ್ಧವನ್ನು ಎತ್ತಿಕೊಳ್ಳುತ್ತಾರೆ. ಇನ್ನಾಸಪ್ಪನ ಮನೆಯಲ್ಲಿ ಮೊದಲರ್ಧ ಯಾವಾಗಲೂ ಸಗಾಯಮ್ಮನದು, ಉತ್ತರ ಇವನದು. ಹಗಲೆಲ್ಲ ಬಿದಿರಿನೊಡನೆ ಗುದ್ದಾಡಿದ ಮೈ, ಕೂತಲ್ಲೇ ತೂಕಡಿಕೆ ಬರುತ್ತಿತ್ತು. ಆದರೂ ಅವಳು ನಿಲ್ಲಿಸಿದ ಕೂಡಲೇ ಇವನ ಬಾಯಿಂದ 'ಸಂತ ಮರಿಯಾ' ಹೊರಡುತ್ತಿತ್ತು. "ನಮ್ಮ ಯಜಮಾನರು ನಿದ್ದೇಲೂ ಮೋಕ್ಷಕ್ಕೆ ಹೋಗ್ತಾರೆ" ಎಂದು ಸಗಾಯಮ್ಮ ಹಾಸ್ಯ ಮಾಡುತ್ತಿದ್ದಳು.

ಆ ವರ್ಷ ಕ್ರಿಸ್ಮಸ್ ಕಳೆದು ಸ್ವಲ್ಪ ದಿನಕ್ಕೆ ಸಗಾಯಮ್ಮ ತೀರಿಕೊಂಡಳು. ಜ್ವರವೆಂದು ಮಲಗಿದವಳು ಮತ್ತೆ ಏಳಲಿಲ್ಲ. ಉಪವಾಸ ಪ್ರಾರ್ಥನೆಗಳ ತಪಸ್ಸು ಕಾಲ ಬಂತು, ಇನ್ನಾಸಪ್ಪ ದೇವಾಲಯದ ಕಡೆ ತಲೆ ಹಾಕಲಿಲ್ಲ. ಯೇಸುಸ್ವಾಮಿ ಮರಣದಿಂದ ಎದ್ದುಬಂದ ಪಾಸ್ಕ ಹಬ್ಬದ ಪೂಜೆಗೂ ಬರಲಿಲ್ಲ. ಕಾಡಂಚಿನ ಮುತ್ತುಗದ ಮರಗಳೆಲ್ಲ ಹೂ ಬಿಟ್ಟು ಉದುರಿಸಿದವು, ಬೇವು ಘಮಘಮಿಸಿತು, ಹೊಂಗೆಯಲ್ಲಿ ಎಳೆ ಹಸಿರು ತುಂಬಿತು. ಅವನ ಮನೆಯ ಬಾಗಿಲು ಮಾತ್ರ ಅರ್ಧ ಮುಚ್ಚಿಯೇ ಇರುತ್ತಿತ್ತು. ಸಂಜೆ ಆ ಬೀದಿಯಲ್ಲಿ ಎಲ್ಲ ಮನೆಗಳಿಂದಲೂ ಜಪದ ದನಿ ಕೇಳುವಾಗ, ನಡುವೆ ಆ ಒಂದು ಮನೆ ಮೂಕವಾಗಿರುತ್ತಿತ್ತು.

ಮೇ ತಿಂಗಳು ಬಂತು. ಅದು ಮಾತೆ ಮರಿಯಮ್ಮನವರ ತಿಂಗಳು. ಅಮ್ಮನವರ ಸ್ವರೂಪ, ಅಂದರೆ ಪ್ರತಿಮೆ, ದೇವಾಲಯದಿಂದ ಹೊರಟು ಮನೆಯಿಂದ ಮನೆಗೆ ಹೋಗುತ್ತದೆ, ಒಂದೊಂದು ಮನೆಯಲ್ಲಿ ಒಂದೊಂದು ದಿನ ತಂಗುತ್ತದೆ. ಬಂದ ಸಂಜೆ ಕೇರಿಯವರೆಲ್ಲ ಆ ಮನೆಯಲ್ಲಿ ಸೇರಿ ಜಪಸರ ಹೇಳಬೇಕು. ಅದಕ್ಕೊಂದು ಕಟ್ಟಳೆಯಿದೆ: ಜಪ ನಡೆಸುವವರು ಆ ಮನೆಯವರೇ ಆಗಿರಬೇಕು, ಮೊದಲರ್ಧಕ್ಕೆ ಹೊರಗಿನವರು ಬಾಯಿ ಹಾಕುವಂತಿಲ್ಲ. ಸ್ವರೂಪ ಇನ್ನಾಸಪ್ಪನ ಪಕ್ಕದ ಲೂರ್ದಮ್ಮನ ಮನೆಗೆ ಬಂದು ಕೂತಿತು. ಮಾರನೆಯ ಸರದಿ ಇನ್ನಾಸಪ್ಪನದು.

ಆ ಸರದಿಯ ದಿನ ಬೆಳಿಗ್ಗೆ, ದೇವಾಲಯದ ಚಾಕರಿಗಿದ್ದ ನಾನು ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದೆ. ಇನ್ನಾಸಪ್ಪ ಬಂದು ಹೊಂಗೆಮರದ ಕೆಳಗೆ ನಿಂತ. ಕೂರಲಿಲ್ಲ, ಎಂದಿನಂತೆ 'ಸ್ತೋತ್ರ ಸ್ವಾಮೀ' ಎಂದು ವಂದಿಸಲೂ ಇಲ್ಲ.

"ಸ್ವಾಮೀ, ಅಮ್ಮನೋರು ನಮ್ಮನೆಗೆ ಬರೋದು ಬ್ಯಾಡ. ನಮ್ಮನೆ ಬಿಟ್ಟು ಆಚೆ ಮನೆಗೆ ಕರ್ಕೊಂಡೋಗೋಕೆ ಹೇಳ್ಬುಡಿ."

ಸ್ವಾಮಿಗಳು ಕೈಯಲ್ಲಿದ್ದ ದಾರವನ್ನು ಕೆಳಗಿಟ್ಟರು. "ಯಾಕಪ್ಪಾ?"

"ಜಪ ನಡೆಸೋರು ಯಾರವ್ರೆ ನಮ್ಮನೇಲಿ? ಮೊದಲ್ನೇ ಅರ್ಧ ಅವಳ ಪಾಲು. ನಂಗೆ ಗೊತ್ತಿಲ್ಲ ಅಂತಲ್ಲ. ಹೇಳಾಣ ಅಂತ ಎಷ್ಟೋ ಸಲ ಕೂತೆ. ಅವಳ ಮಾತು ನನ್ ಬಾಯಲ್ಲಿ ಬಂದ್ರೆ ಅವಳು ಹೋದ್ಲು ಅಂತ ನಾನೇ ಒಪ್ಪಿದಂಗೆ ಆಯ್ತದೆ. ಅದಕ್ಕೆ ಅವಳ ಪಾಲು ಬುಟ್ಬುಟ್ಟು ನನ್ನ ಪಾಲು ಅಷ್ಟೇ ಹೇಳ್ಕೊಂತಿದ್ದೆ. ಮಣಿ ಹಿಡಿದು ಸುಮ್ಕೆ ಕೂತ್ಕೊಳೋದು, ಅವಳು ಹೇಳ್ದಷ್ಟು ಹೊತ್ತು ಕಾಯೋದು, ಆಮೇಕೆ 'ಸಂತ ಮರಿಯಾ' ಅನ್ನೋದು. ಲೂರ್ದಮ್ಮ ಕೇಳಿಸ್ಕೊಂಡು, ಅರ್ಧ ಜಪ ದೇವರಿಗೆ ಮುಟ್ಟಲ್ಲ ಕಣಪ್ಪ, ಪಾಪ ಬತ್ತದೆ ಅಂದ್ಲು. ಅವತ್ತೇ ಅದನ್ನೂ ನಿಲ್ಲಿಸ್ಬುಟ್ಟೆ."

ಇಷ್ಟನ್ನೂ ಅವನು ನೆಲ ನೋಡುತ್ತಲೇ ಹೇಳಿದ. ಕೊನೆಗೆ ತಲೆಯೆತ್ತಿದಾಗ ದನಿಯಲ್ಲಿ ಸಿಟ್ಟಿತ್ತು. "ಪಾಸ್ಕದಲ್ಲಿ ಎಲ್ಲ ಹೊಸದಾಯ್ತದೆ ಅಂತೀರಿ ಸ್ವಾಮೀ. ಮರ ಗಿಡಕ್ಕೆ ಆಗೈತೆ. ನಂಗೇನೂ ಆಗಿಲ್ಲ. ಅಮ್ಮನೋರು ಬಂದ್ರೆ ನಾನು ಬಾಗಿಲು ಹಾಕ್ಕೊಂತೀನಿ, ಮುಂದಾಗೇ ಹೇಳಿವ್ನಿ."

ಅಮ್ಮನವರ ಸ್ವರೂಪದ ಮುಖಕ್ಕೆ ಬಾಗಿಲು ಹಾಕಿದ ಮನೆ ನಮ್ಮೂರಿನಲ್ಲಿ ಒಂದೂ ಇರಲಿಲ್ಲ. ಹಾಗೆ ಮಾಡಿದವನು ಮತ್ತೆ ಯಾವ ಮುಖ ಹೊತ್ತು ದೇವಾಲಯದ ಮೆಟ್ಟಿಲು ಹತ್ತಿಯಾನು? ಇನ್ನಾಸಪ್ಪ ಊರಿಗೂ ದೇವರಿಗೂ ಎರವಾಗಿ ಹೋಗುವ ಹೊತ್ತದು. ಸ್ವಾಮಿಗಳು ಗದರಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅವರ ಕಣ್ಣುಗಳು ಒದ್ದೆಯಾಗಿದ್ದವು.

"ಇನ್ನಾಸಪ್ಪ, ಆ ಮೊದಲರ್ಧ ಸಗಾಯಮ್ಮಂದು ಅಂತ ನಿನಗೆ ಯಾರು ಹೇಳಿದ್ರು? ಅದು ದೇವದೂತರು ತಂದ ಮಾತು. ಮರಿಯಮ್ಮನೋರು ಮನೇಲಿ ಒಬ್ಬರೇ ಇದ್ದಾಗ ಬಂದು, ಕರ್ತರು ನಿಮ್ಮೊಡನೆ ಇದ್ದಾರೆ ಅಂದ್ರಲ್ಲ, ಆ ಮಾತು. ಒಂಟಿಯಾಗಿದ್ದೋರ ಮನೆಗೆ ಬಂದ ಮಾತಪ್ಪ ಅದು. ನಿನ್ನ ಮನೆ ಬಿಟ್ಟು ಇನ್ನು ಯಾರ ಮನೆಗೆ ಹೋಗಬೇಕು?"

ಸ್ವಾಮಿಗಳು ಮತ್ತೆ ದಾರ ಕೈಗೆತ್ತಿಕೊಂಡು, "ನಿನ್ನಿಂದ ಹೇಳೋಕಾಗದಿದ್ರೆ ಹೇಳಬೇಡ. ನಾನೂ ಬರ್ತೀನಿ, ಸುಮ್ಮನೆ ಕೂತಿರ್ತೀನಿ. ಬಾಗಿಲು ಮಾತ್ರ ತೆಗೆದಿಡು" ಎಂದರು. ಅವನು ಬಂದ ದಾರಿಯಲ್ಲೇ ಹೊರಟುಹೋದ.

ಸಂಜೆ ಲೂರ್ದಮ್ಮನ ಮನೆಯಿಂದ ಸ್ವರೂಪ ಹೊರಟಿತು. ಮೇಣದ ಬತ್ತಿ ಹಿಡಿದ ನಾವೆಲ್ಲ ಒಳಗೊಳಗೇ ಅಳುಕುತ್ತಿದ್ದೆವು. ಇನ್ನಾಸಪ್ಪನ ಮನೆಯ ಬಾಗಿಲು ತೆರೆದಿತ್ತು. ಅಂಗಳ ಗುಡಿಸಿರಲಿಲ್ಲ, ಕಡ್ಲೆಪುರಿ ತಂದಿಟ್ಟಿರಲಿಲ್ಲ, ಸ್ವರೂಪ ಇಡಲು ಒಂದು ಮಣೆಯೂ ಇರಲಿಲ್ಲ. ಇನ್ನಾಸಪ್ಪ ಒಳಗೆ ಹೋಗಿ ಹೆಣೆದು ಮುಗಿಸದ ಒಂದು ಬಿದಿರ ತಟ್ಟೆಯನ್ನು ಬೋರಲು ಹಾಕಿ, ಹೆಂಡತಿಯ ಸೀರೆ ಹಾಸಿದ. ಅಮ್ಮನವರು ಅದರ ಮೇಲೆ ಕೂತರು. ಅವನು ಮುಂದೆ ಮಂಡಿಯೂರಿದ, ನಾವೆಲ್ಲ ಹಿಂದೆ ಕೂತೆವು. ಸ್ವಾಮಿಗಳು ಹೊಸಿಲ ಬಳಿ ಎಲ್ಲರಿಗಿಂತ ಕೊನೆಯಲ್ಲಿ ಕುಳಿತರು.

ಜಪ ಶುರುವಾಗಲೇ ಇಲ್ಲ. ಮೇಣದ ಬತ್ತಿ ಕರಗಿ ಕೈಗೆ ಬೀಳುತ್ತಿತ್ತು. ಹೆಂಗಸರು ಮುಖ ಮುಖ ನೋಡಿಕೊಂಡರು. ಲೂರ್ದಮ್ಮನಿಗೆ ತಡೆಯಲಾಗಲಿಲ್ಲ, ಪಾಪ, ಗಂಟಲು ಸರಿಮಾಡಿಕೊಂಡು ತಾನೇ 'ನಮೋ...' ಎಂದು ಎತ್ತಿಯೇಬಿಟ್ಟಳು. ಸ್ವಾಮಿಗಳು ಬೆರಳೆತ್ತಿ ತಡೆದರು. ಅಂದಿನಷ್ಟು ಕಠಿಣವಾಗಿ ಅವರ ಮುಖವನ್ನು ನಾನು ಎಂದೂ ಕಂಡಿರಲಿಲ್ಲ. ಇಷ್ಟು ಜನ ಬೆನ್ನ ಹಿಂದಿದ್ದರೂ ಆ ಮನುಷ್ಯ ಎಷ್ಟು ಒಂಟಿಯಾಗಿದ್ದಾನೆಂದು ನಮಗೆ ಅರ್ಥವಾದದ್ದು ಆಗಲೇ.

ಕೊನೆಗೆ ಅವನ ತುಟಿ ಅಲುಗಿತು. "ನಮೋ ಮರಿಯಾ..." ದನಿ ಹೊರಡಲಿಲ್ಲ, ಬರೀ ಉಸಿರು. ಮತ್ತೆ ಮೊದಲಿನಿಂದ ಶುರುಮಾಡಿದ. "ಕರ್ತರು ನಿಮ್ಮೊಡನೆ ಇದ್ದಾರೆ" ಎನ್ನುವಲ್ಲಿ ತಡೆದು ನಿಂತ. ಹೇಗೋ ತಡವರಿಸಿಕೊಂಡು ಕೊನೆ ಮುಟ್ಟಿಸಿ ನಿಲ್ಲಿಸಿದ.

ನಾವೆಲ್ಲ ಒಟ್ಟಿಗೆ, "ಸಂತ ಮರಿಯಾ, ದೇವಮಾತೆಯೇ" ಎಂದೆವು.

ಇನ್ನಾಸಪ್ಪ ಬೆಚ್ಚಿ ಹಿಂತಿರುಗಿ ನೋಡಿದ. ಆಮೇಲೆ ಮುಂದಿನ ಮಣಿ ಹಿಡಿದ, ಅದರ ಮುಂದಿನದನ್ನು ಹಿಡಿದ. ಜಪ ಮುಗಿಯುವವರೆಗೂ ಅವನು ಮತ್ತೆ ತಡೆಯಲಿಲ್ಲ. ಪ್ರತಿ ಸಲ ತನ್ನ ಅರ್ಧ ಮುಗಿಸಿ, ಕಿವಿಗೊಟ್ಟು ಕಾಯುತ್ತಿದ್ದ.

ಜನರೆಲ್ಲ ಹೊರಟ ಮೇಲೆ ಸ್ವಾಮಿಗಳೂ ನಾನೂ ಉಳಿದೆವು. ಇನ್ನಾಸಪ್ಪ ಬಂದು ಅವರ ಕಾಲ ಬಳಿ ಕೂತ.

"ಸ್ವಾಮೀ, ಇಷ್ಟು ವರ್ಷ ನಾನು ಉತ್ತರ ಹೇಳೋನಾಗೇ ಇದ್ದೆ. ಹೇಳಿ ನಿಲ್ಲಿಸ್ದಾಗ ಆ ಕಡೆಯಿಂದ ಒಂದು ದನಿ ಬತ್ತದಲ್ಲ, ಅದು ಹೆಂಗಿರ್ತದೆ ಅಂತ ಇವತ್ತೇ ಗೊತ್ತಾಗಿದ್ದು." ಆಮೇಲೆ ಮಗುವಿನ ಹಾಗೆ ಕೇಳಿದ, "ನಾನು ತೂಕಡಿಸ್ಕೊಂಡು ಹೇಳ್ತಿದ್ನಲ್ಲ, ಅವಳಿಗೂ ಹಿಂಗೇ ಕೇಳಿಸ್ತಿತ್ತಾ?"

"ಹಿಂಗೇ ಕೇಳಿಸ್ತಿತ್ತು" ಎಂದರು ಸ್ವಾಮಿಗಳು.

ಸಗಾಯಮ್ಮನನ್ನು ಮಣ್ಣು ಮಾಡಿದ ದಿನವೂ ಅಳದಿದ್ದ ಇನ್ನಾಸಪ್ಪ, ಅಮ್ಮನವರ ಮುಂದೆ ತಲೆಯಿಟ್ಟು ಗೊಳೋ ಎಂದು ಅತ್ತ. ಸ್ವಾಮಿಗಳು ಅವನ ಬೆನ್ನ ಮೇಲೆ ಕೈಯಿಟ್ಟು, ಅಳು ನಿಲ್ಲುವವರೆಗೂ ಏಳದೆ ಕುಳಿತಿದ್ದರು.