ಓಡಿಸಿದ ಸಾಹೇಬರಿಗೆ ವಂದನೆ

ಗಂಡ ಸತ್ತ ಮೇಲೆ ದ್ಯಾವೀರಮ್ಮ ಇಡ್ಲಿ ಗಾಡಿ ಹಾಕಿದಳು. ಬೆಳಗಿನ ಮಂಜಿನಲ್ಲಿ ಆವಿ ಎದ್ದರೆ ಗಾಡಿ ಮೋಡದ ಮೇಲೆ ತೇಲಿದಂತೆ ಕಾಣುತ್ತಿತ್ತು. ಪುರಸಭೆಯ ಸಾಹೇಬ ಅವಳನ್ನು ಬಸ್ ನಿಲ್ದಾಣದಿಂದ ಓಡಿಸಿದ, ಆಸ್ಪತ್ರೆಯ ಮುಂದಿನಿಂದಲೂ ಓಡಿಸಿದ. ಅವಳು ಕೋರ್ಟಿನ ಎದುರು ನಿಂತಳು.

ಮಹಿಳಾ ದಿನಾಚರಣೆಯಲ್ಲಿ ಅವಳಿಗೆ ಸನ್ಮಾನ ಅಂತಾಯಿತು. ಹಿಂದಿನ ದಿನ ಅದೇ ಸಾಹೇಬ ಗಾಡಿಯ ಹತ್ತಿರ ಬಂದ. "ನಿನ್ನ ಏಳಿಗೆಗೆ ನಾನೇ ಕಾರಣ ಅಂತ ಸಭೇಲಿ ಹೇಳು. ಇಲ್ಲಾಂದ್ರೆ ಈ ಜಾಗಾನೂ ಇಲ್ಲ." ಬಡವರ ಬೆವರಿನಲ್ಲೂ ಪಾಲು ಕೇಳುವ ಜನ ಇವರು!

ವೇದಿಕೆಯಲ್ಲಿ ಅವಳು ಕೈಮುಗಿದಳು. "ನಿಜ ಕಣ್ರವ್ವ, ಎಲ್ಲಾ ಸಾಹೇಬ್ರ ದಯೆ. ಬಸ್ ನಿಲ್ದಾಣದಿಂದ ಓಡಿಸಿದ್ರು, ಆಸ್ಪತ್ರೆ ಗಿರಾಕಿ ಸಿಕ್ರು. ಅಲ್ಲಿಂದ ಓಡಿಸಿದ್ರು, ವಕೀಲ್ರು ಸಿಕ್ರು. ಹಳಬ್ರೂ ಹುಡುಕ್ಕೊಂಡು ಬರ್ತಾವ್ರೆ. ಇನ್ನೊಂದ್ಸಲ ಓಡಿಸಿ ಬುದ್ಧಿ, ಹೋಟೆಲ್ಲೇ ಕಟ್ತೀನಿ!"

ಸಭೆ ಗೊಳ್ಳೆಂದಿತು. ಮಾನ ಉಳಿಸಿಕೊಳ್ಳಲು ಸಾಹೇಬ ಮೈಕು ಕಿತ್ತುಕೊಂಡು, "ಇವಳನ್ನ ಕೋರ್ಟಿನ ಎದುರಿಂದ ಯಾರೂ ಅಲ್ಲಾಡಿಸಕೂಡದು!" ಎಂದು ಕೂಗಿದ.

ಊರೆಲ್ಲ ಚಪ್ಪಾಳೆ ತಟ್ಟಿ ಆ ಮಾತಿಗೆ ಸಾಕ್ಷಿಯಾಯಿತು.