ಎರಡು ಸುತ್ತು ಜಾಕಾಯಿ

“ಗುರುಗಳೇ, ಅವ್ವನ ಮೂಳೆನೋವಿಗೆ ವೈದ್ಯರು ವಿಟಮಿನ್ ಡಿ ಬರೆದಿದ್ದಾರೆ. ಹಳೆಯ ಡಬ್ಬಿಯ ಮೇಲೆ ಇಪ್ಪತ್ತೈದು ಮೈಕ್ರೊಗ್ರಾಂ ಎಂದಿತ್ತು. ಹೊಸದರ ಮೇಲೆ ಸಾವಿರ ಯೂನಿಟ್ ಎಂದಿದೆ. ಮಾತ್ರೆಯನ್ನು ನಲವತ್ತು ಚೂರು ಮಾಡಿ ಒಂದನ್ನು ಕೊಡಲೇ?” ಎಂದು ಮರುಳಯ್ಯ ಕೇಳಿದ. ಅವ್ವನಿಗೆ ಏನಾದರೂ ಆದೀತೆಂಬ ಭಯ ಅವನ ಮುಖದಲ್ಲಿತ್ತು.

“ಆ ಚೂರು ಹಿಡಿಯಲು ಅಕ್ಕಸಾಲಿಗನ ಚಿಮಟವೇ ಬೇಕಾದೀತು” ಎಂದು ಗುರುಗಳು ನಕ್ಕರು. ಆಮೇಲೆ ಒಂದು ಕಥೆ ಹೇಳಿದರು.

ಒಬ್ಬ ಬಾಣಂತಿ ತವರಿನಲ್ಲಿದ್ದಳು. ಅವಳ ತಾಯಿ ದಿನವೂ ಕೂಸನ್ನು ಮೀಯಿಸಿ, ಎದೆಹಾಲಿನಲ್ಲಿ ಬಜೆ, ಜಾಕಾಯಿ ತೇಯ್ದು ಒಳಲೆಯಲ್ಲಿ ಕುಡಿಸುತ್ತಿದ್ದಳು. ಬಜೆ ಮೂರು ಸುತ್ತು, ಜಾಕಾಯಿ ಎರಡು ಸುತ್ತು. ತೇಯುವ ಕಲ್ಲು ಮೂರು ತಲೆಮಾರಿನದು, ಸವೆದು ಅಂಗೈಯಂತೆ ನುಣುಪಾಗಿತ್ತು.

ಐದನೆಯ ತಿಂಗಳಲ್ಲಿ ಮಗಳು ಗಂಡನ ಮನೆಗೆ ಹೊರಟಳು. ತಾಯಿ ಬಜೆ, ಜಾಕಾಯಿಗಳನ್ನು ಬಟ್ಟೆಯಲ್ಲಿ ಕಟ್ಟಿಕೊಟ್ಟಳು. ಕಲ್ಲು ಮನೆಯದು, ಮನೆಯಲ್ಲೇ ಉಳಿಯಿತು. ಗಂಡ ಸಂತೆಯಿಂದ ಹೊಸ ಕಲ್ಲು ತಂದ. ಮಗಳು ಒಂದು ಸುತ್ತೂ ಹೆಚ್ಚಿಲ್ಲದಂತೆ, ಒಂದೂ ಕಡಿಮೆಯಿಲ್ಲದಂತೆ ತೇಯ್ದಳು.

ಮೂರನೆಯ ದಿನ ಕೂಸು ಕಣ್ಣು ಬಿಡಲಿಲ್ಲ. ಎದೆಗೆ ಹಚ್ಚಿದರೆ ಹಾಲು ಚೀಪಲಿಲ್ಲ. ಹೇಳಿಕಳಿಸಿದ ಕೂಡಲೇ ತಾಯಿ ಓಡಿಬಂದಳು.

“ಎಷ್ಟು ಸುತ್ತು ತೇಯ್ದೆ?”

“ನೀ ಹೇಳಿದಷ್ಟೇ ಅವ್ವಾ. ಬಜೆ ಮೂರು, ಜಾಕಾಯಿ ಎರಡು.”

“ಆ ಕಲ್ಲು ತಾ ಇಲ್ಲಿ.”

ತಾಯಿ ಕಲ್ಲಿನ ಮೇಲೆ ಬೆರಳಾಡಿಸಿದಳು. ಅದು ತರಿತರಿಯಾಗಿತ್ತು. ಹಳೆಯ ಕಲ್ಲಿನ ಮೇಲೆ ಹತ್ತು ಸುತ್ತಿಗೆ ಸವೆಯುವಷ್ಟು ಜಾಕಾಯಿ ಇದರ ಮೇಲೆ ಎರಡಕ್ಕೇ ಸವೆದಿತ್ತು; ಅದರ ಮಂಪರು ಕೂಸಿಗೆ ಏರಿತ್ತು. “ನಿನಗೆ ಸುತ್ತು ಹೇಳಿಕೊಟ್ಟೆ, ಕಲ್ಲಿನ ಮಾತು ಹೇಳಲಿಲ್ಲ. ತಪ್ಪು ನಂದೇ ಮಗಳೇ” ಎಂದು ಅತ್ತಳು.

ಅಂದು ಕೂಸಿಗೆ ಏನನ್ನೂ ತೇಯಲಿಲ್ಲ. ಸಂಜೆಯ ಹೊತ್ತಿಗೆ ಅದು ಕಣ್ಣು ಬಿಟ್ಟು, ಹಸಿದು ಅತ್ತಿತು. ಆ ಅಳು ಕೇಳಿ ಇಬ್ಬರೂ ನಕ್ಕರು. ಮರುದಿನವೇ ಹಳೆಯ ಕಲ್ಲು ಮಗಳ ಮನೆಗೆ ಬಂತು.

ಕಥೆ ಮುಗಿಸಿದ ಗುರುಗಳು, “ಆ ಕೂಸು ನಾನೇ. ಓಡಿಬಂದವಳು ನನ್ನ ಅಜ್ಜಿ. ಎಲ್ಲಾದರೂ ಬಜೆಯ ವಾಸನೆ ಬಂದರೆ ಈಗಲೂ ಅವಳ ಕೈ ನೆನಪಾಗುತ್ತದೆ. ಅಂಥ ಕೈ ಮತ್ತೆ ಸಿಗಲಿಲ್ಲ” ಎಂದರು.

ಮರುಳಯ್ಯ ಕೈಯಲ್ಲಿದ್ದ ಡಬ್ಬಿಯನ್ನು ತಿರುಗಿಸಿದ. ಸಾವಿರ ಯೂನಿಟ್ ಎಂಬುದರ ಕೆಳಗೆ, ಸಣ್ಣ ಅಕ್ಷರದಲ್ಲಿ, ಇಪ್ಪತ್ತೈದು ಮೈಕ್ರೊಗ್ರಾಂ ಎಂದಿತ್ತು.

“ಸುತ್ತು ಎಣಿಸಿ ಹೆದರಿದೆಯಲ್ಲ ಮರುಳಯ್ಯ, ಕಲ್ಲು ಯಾವುದೆಂದು ನೋಡಿದ್ದೆಯಾ?” ಎಂದರು ಗುರುಗಳು.

ಮರುಳಯ್ಯ ಅವ್ವನಿಗೆ ಇಡೀ ಮಾತ್ರೆ ಕೊಡಲು ಮನೆಗೆ ಹೊರಟ.