ಕೆಂಚಿಯ ಕರೆಗಲ್ಲು

ನಮ್ಮ ಹಿರೇಹಳ್ಳ ತಿರುಗುವ ಕಡೆ, ತಾಯಿ ಕೆಂಚಿಯ ಗುಡಿಗೆ ಎದುರಾಗಿ, ಎದೆಮಟ್ಟದ ಬಂಡೆಯೊಂದು ನಿಂತಿದೆ. ಅದಕ್ಕೆ ಕರೆಗಲ್ಲು ಎನ್ನುತ್ತಾರೆ. ಕುರಿ ಕಾಯುವವರು ಅಲ್ಲಿಗೆ ಬಂದೊಡನೆ ಮಾತು ನಿಲ್ಲಿಸಿ, ಬರಿಯ ಸಿಳ್ಳಿನಲ್ಲೇ ಹಿಂಡನ್ನು ದಾಟಿಸುತ್ತಾರೆ. ಈ ಸೀಮೆಯ ಕೆಂಪು ಕುರಿಯ ತಳಿಗೂ ಕೆಂಚಿ ಎಂದೇ ಹೆಸರು. ಅವು ತಾಯಿಯ ಹಿಂಡು, ಆಕೆಯ ಹೆಸರು ಹೊತ್ತೇ ಮೇಯುತ್ತವೆ ಎಂಬುದು ನಮ್ಮ ನಂಬಿಕೆ.

ಹಿಂದೆ ಒಮ್ಮೆ ಇಲ್ಲಿ ಮಾಳವ್ವ ಎಂಬ ಕುರುಬರ ಹೆಣ್ಣುಮಗಳಿದ್ದಳಂತೆ. ಹನ್ನೆರಡು ವರುಷ ತಾಯಿಗೆ ನಡೆದುಕೊಂಡ ಮೇಲೆ ಹೆಣ್ಣುಕೂಸು ಹುಟ್ಟಿತು. ಕೊಟ್ಟವಳ ಹೆಸರನ್ನೇ ಇಟ್ಟಳು. ಮಗಳು ಬೆಳೆದು ಕುರಿ ಕಾಯತೊಡಗಿದಾಗ ಅವ್ವನನ್ನು ಕಾಡುತ್ತಿದ್ದಳು: "ಯವ್ವಾ, ನೀ ಕೆಂಚೀ ಅಂದ್ರ ಕುರಿ ಬರಬೇಕೋ, ನಾ ಬರಬೇಕೋ?" ಮಾಳವ್ವ ನಕ್ಕು, "ರೊಟ್ಟಿಗೆ ಕರದ್ರ ನೀ ಬಾ, ನೀರಿಗೆ ಕರದ್ರ ಅವು ಬರ್ಲಿ" ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಆಕೆ ರೊಟ್ಟಿಯ ಗಂಟು ಹೊತ್ತು ಬರುವಷ್ಟರಲ್ಲಿ, ಮೇಲೆಲ್ಲೋ ಸುರಿದ ಮಳೆಗೆ ಹಳ್ಳ ಏರಿತ್ತು. ಆಚೆ ದಡದ ತಗ್ಗಿನಲ್ಲಿ ಕುರಿಗಳು, ಎತ್ತರದ ದಿಬ್ಬದ ಮೇಲೆ ಮಗಳು. ಮಗಳಿಗೆ ಅಪಾಯವಿಲ್ಲ, ಕುರಿಗಳು ಈಜಿ ಬಂದರೆ ಉಳಿದಾವು ಎಂದು ಮಾಳವ್ವ ಈ ಬಂಡೆಯೇರಿ ಕೂಗಿದಳು: "ಕೆಂಚೀ, ಬಾ!" ತಲೆಯ ಮೇಲಿನ ಗಂಟು ಇಳಿಸಲು ಮರೆತಿದ್ದಳು. ಮಗಳು ಕಂಡದ್ದು ಆ ಗಂಟನ್ನು. ಊಟಕ್ಕೆ ಕರೆದಳೆಂದು ಹಿಂಡಿನ ಹಿಂದೆಯೇ ನೀರಿಗಿಳಿದಳು. "ಬ್ಯಾಡವ್ವಾ, ನಿಲ್ಲು!" ಎಂದದ್ದು ಹೊನಲಿನ ಮೊರೆತದಲ್ಲಿ ಕೇಳಿಸಲಿಲ್ಲ.

ಕುರಿಗಳೆಲ್ಲ ದಡ ಸೇರಿದವು. ಮಗಳು ಸೇರಲಿಲ್ಲ.

ಮೂರು ದಿನ ಮಾಳವ್ವ ಬಂಡೆ ಬಿಟ್ಟಿಳಿಯದೆ ಮಗಳನ್ನು ಕರೆದಳು. ಕರೆದಾಗಲೆಲ್ಲ ಕುರಿಗಳೇ ಓಡಿ ಬಂದು ಬಂಡೆಗೆ ಮೈಯುಜ್ಜಿ ನಿಂತವು. ಕೊನೆಗೆ ಇಳಿದು, ಗುಡಿಯ ಹೊಸ್ತಿಲಲ್ಲಿ ಗಂಟು ಇಟ್ಟು, "ಹೆಸರು ನಿಂದಿತ್ತು, ತಾಯಿ. ಮಗಳು ನನ್ನಾಕಿ ಇದ್ಲು" ಎಂದಳಂತೆ. ತಾಯಿ ಮುನಿಯಲಿಲ್ಲ. ಮುನಿಯುವಂಥ ಮಾತೂ ಅಲ್ಲ ಅದು. ಮತ್ತೆ ಮಾಳವ್ವ ಆ ಹೆಸರೆತ್ತಲಿಲ್ಲ. ಪೂಜೆಯನ್ನು ಮಾತ್ರ ಒಂದು ದಿನವೂ ಬಿಡಲಿಲ್ಲ.

ಇಂದಿಗೂ ತಾಯಿಗೆ ಮೊದಲ ಎಡೆ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿಯೇ. ಹೊಸಬರು ಯಾರಾದರೂ ತಿಳಿಯದೆ ಕರೆಗಲ್ಲಿನ ಬಳಿ "ಕೆಂಚೀ" ಎಂದುಬಿಟ್ಟರೆ ಮೇಯುವ ಕುರಿಗಳು ತಲೆಯೆತ್ತಿ ಓಡಿ ಬರುತ್ತವೆ. ಆಗ ನಮ್ಮ ಹಳಬರು ಕುರಿಗಳ ಕಡೆ ನೋಡುವುದಿಲ್ಲ. ಅವುಗಳ ಹಿಂದೆ, ಹಳ್ಳದ ಕಡೆ ನೋಡುತ್ತಾರೆ.